ಐದನೆಯ ತೂತು

ನನ್ನ ಗಂಡನ ಅಕ್ಕ ಯಾರನ್ನೂ ಮೊದಲು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಅವರ ನೋಟ ನೆಟ್ಟಗೆ ಗದ್ದಕ್ಕೇ ಹೋಗಿ ನಿಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ಅವರ ಅಂಗಡಿಗೆ ಹೋದಾಗ ನನ್ನ ಓದು, ಅಪ್ಪನ ಕೆಲಸ, ಒಂದನ್ನೂ ಕೇಳಲಿಲ್ಲ. ಕನ್ನಡಕ ಹಣೆಗೇರಿಸಿ, ಕುರಿ ಕೊಳ್ಳಲು ಬಂದವರ ಹಾಗೆ ಒಂದು ಗಳಿಗೆ ನೋಡಿ, "ಗದ್ದ ಚಿಕ್ಕದು. ನಿದ್ದೇಲಿ ಹಲ್ಲು ಕಚ್ಚಿಕೊಳ್ತೀಯ ಅಲ್ವಾ?" ಅಂದರು. ನಾನು ಹಲ್ಲು ಕಚ್ಚಿಕೊಂಡೇ "ಇಲ್ಲ" ಅಂದೆ. ಪಕ್ಕದಲ್ಲಿದ್ದ ಗಂಡ ಗೊಳ್ಳೆಂದು ನಕ್ಕರು. ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅವತ್ತೇ.

ಬೀದಿಯವರು ಅವರನ್ನು ಗದ್ದದಕ್ಕ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವರೂ ಓಗೊಡುತ್ತಾರೆ. ಅವರ ಕಸುಬೇ ಗದ್ದದ ಕೆಳಗಿನದು. ಬೆಂಕಿ ಆರಿಸುವವರ ಹೆಲ್ಮೆಟ್, ಬ್ಯಾಂಡಿನವರ ಎತ್ತರದ ಟೋಪಿ, ಸವಾರಿ ಕಲಿಯುವ ಮಕ್ಕಳ ಟೋಪಿ, ಇವು ತಲೆ ಬಿಟ್ಟು ಹೋಗದಂತೆ ಹಿಡಿಯುವ ಚರ್ಮದ ಪಟ್ಟಿ ಮಾಡುತ್ತಾರೆ. ಜೊತೆಗೆ ಕುದುರೆಗಳಿಗೆ ಮುಖಪಟ್ಟಿ. ಮುಖಪಟ್ಟಿ ಅಂದರೆ ಲಗಾಮಲ್ಲ, ಬಾಯೊಳಗೆ ಕಬ್ಬಿಣ ಇರುವುದಿಲ್ಲ. ಲಾಯದಲ್ಲಿ ಕಟ್ಟುವಾಗ, ನೀರಿಗೆ ನಡೆಸಿಕೊಂಡು ಹೋಗುವಾಗ ಹಾಕುವುದು. ಅದರ ಒಂದು ತುದಿ ಕುದುರೆಯ ದವಡೆಯ ಕೆಳಗೆ ಬಂದು ಬಕ್ಕಲ್ಲಿಗೆ ಸೇರುತ್ತದೆ. "ಮನುಷ್ಯಂದೂ ಕುದುರೇದೂ ಗದ್ದ ಒಂದೇ ಕಣಮ್ಮ. ಬಿಗಿಯಾದ್ರೆ ಎರಡೂ ಮಾತು ಕೇಳಲ್ಲ," ಅನ್ನುವುದು ಅವರ ಶಾಸ್ತ್ರ.

ಅಂಗಡಿ ಬೀದಿಯ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಒಳಗೆ ಮೇಣದ ವಾಸನೆ, ಚರ್ಮದ ಸುರುಳಿಗಳು, ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಪಟ್ಟಿ ಹಿಡಿಯುವ ಮರದ ಇಕ್ಕಳ. ಗೋಡೆಗೆ ಒಂದು ಅಗಲವಾದ ಗಿಡ್ಡ ಕನ್ನಡಿ, ಅದೂ ಎಷ್ಟು ತಗ್ಗಿನಲ್ಲಿ ಅಂದರೆ ಸ್ಟೂಲಿನ ಮೇಲೆ ಕೂತವರಿಗೆ ಮೂಗಿನ ಕೆಳಗಿನ ಮುಖ ಮಾತ್ರ ಕಾಣುತ್ತದೆ. "ಕಣ್ಣು ಕಂಡ್ರೆ ಜನ ತಲೆ ಬಾಚಿಕೊಳ್ಳೋಕೆ ಶುರು ಮಾಡ್ತಾರೆ. ನಂಗೆ ಕೆಲಸ ಆಗ್ಬೇಕು," ಅನ್ನುತ್ತಾರೆ.

ಹೊಲಿದ ಪ್ರತಿ ಪಟ್ಟಿಯನ್ನೂ ಮೊದಲು ತಾವೇ ಒಂದು ಹೊತ್ತು ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಹೋದರೆ ಬೆಂಕಿಯವರ ಹೆಲ್ಮೆಟ್ ಏರಿಸಿಕೊಂಡು ಟೀ ಹೀರುತ್ತಿರುತ್ತಾರೆ. ಮಧ್ಯಾಹ್ನ ಹೋದರೆ ಬ್ಯಾಂಡಿನ ಟೋಪಿ. ಹೊಸಬರು ಬೆಚ್ಚುತ್ತಾರೆ, ಹಳಬರು ಟೋಪಿಗೊಂದು ನಮಸ್ಕಾರ ಹಾಕಿ ಒಳಗೆ ಬರುತ್ತಾರೆ. ಐವತ್ತೊಂದು ವಯಸ್ಸು, ಮದುವೆಯಾಗಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, "ನೋಡೋಕೆ ಬಂದೋರೆಲ್ಲರ ಗದ್ದ ನೋಡಿದೆ. ಒಂದಕ್ಕೂ ಅಳತೆ ತಗೊಳ್ಳೋ ಮನಸ್ಸಾಗಲಿಲ್ಲ," ಅನ್ನುತ್ತಾರೆ.

ನನ್ನ ಗಂಡ ಹುಟ್ಟುವಾಗ ಅವರಿಗೆ ಹದಿನಾರು. ಎತ್ತಿ ಆಡಿಸಿ ಬೆಳೆಸಿದ ತಮ್ಮ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮಾತೂ "ಅಕ್ಕನ್ನ ಒಂದ್ಸಲ ಕೇಳೋಣ" ಅನ್ನುವಲ್ಲಿಗೆ ಬಂದು ಮುಗಿಯುತ್ತಿತ್ತು. ಫ್ರಿಜ್ಜು ಎಲ್ಲಿಡಬೇಕು? ಅಕ್ಕನ್ನ ಕೇಳೋಣ. ಮಗುವಿಗೆ ಕೆಮ್ಮು? ಅಕ್ಕನ್ನ ಕೇಳೋಣ. ಕುದುರೆಗೆ ಕೆಮ್ಮು ಬಂದರೆ ಕೇಳಲಿ, ನನ್ನ ಮಗುವಿಗೆ ಬಂದರೆ ಯಾಕೆ? ಹೀಗೆಲ್ಲ ನಾನು ಬಾಯಿಬಿಟ್ಟು ಅಂದವಳಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ, ಅಷ್ಟೇ.

ಮಗಳಿಗೆ ಮೂರು ವರ್ಷ ತುಂಬಿ ಕೆಲವು ತಿಂಗಳಾಗಿದ್ದಾಗ ಬೀಳುವುದು ಶುರುವಾಯಿತು. ಎಡವಿ ಬೀಳುವುದಲ್ಲ. ನಿಂತವಳು, ನಗುತ್ತಿದ್ದವಳು, ದಾರ ಕತ್ತರಿಸಿದ ಗೊಂಬೆಯ ಹಾಗೆ ಬಿದ್ದುಬಿಡುತ್ತಿದ್ದಳು. ಎರಡು ಕ್ಷಣದಲ್ಲಿ ಎದ್ದು ಏನೂ ಆಗದವಳಂತೆ ನೋಡುತ್ತಿದ್ದಳು. ಮೂರ್ಛೆಯ ಒಂದು ಬಗೆ ಅಂದರು ಡಾಕ್ಟರು. ಔಷಧಿ ಹಿಡಿಯುತ್ತದೆ, ಆದರೆ ಒಂದೂವರೆ ಎರಡು ವರ್ಷ ಬೇಕಾಗಬಹುದು. ಅಲ್ಲಿಯವರೆಗೆ ಎಚ್ಚರವಿರುವಷ್ಟು ಹೊತ್ತೂ ತಲೆಗೆ ಮೆತ್ತನೆಯ ಹೆಲ್ಮೆಟ್ ಇರಬೇಕು. "ತಲೆ ಒಂದನ್ನ ಕಾಪಾಡಿಕೊಳ್ಳಿ, ಉಳಿದಿದ್ದು ನಾವು ನೋಡ್ಕೋತೀವಿ," ಅಂದರು.

ತಲೆ ಒಂದನ್ನ! ನಾನು ಮೊದಲೇ ಹೆದರುಪುಕ್ಕಲಿ. ಗ್ಯಾಸ್ ಆರಿಸಿದ್ದೇನಾ ಅಂತ ಮೂರು ಸಲ ನೋಡುವವಳು. ಹೆಲ್ಮೆಟ್ಟಿನ ಜೊತೆ ಬಂದ ಕಾಗದವನ್ನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಮೊದಲ ದಿನ ಅದರ ಪ್ಲಾಸ್ಟಿಕ್ ಕ್ಲಿಪ್ಪನ್ನು ಮಗಳ ಗದ್ದದ ಕೆಳಗೆ 'ಟಕ್' ಅಂತ ಹಾಕಿದೆ. ಕ್ಲಿಪ್ಪಿನ ಹಲ್ಲಿಗೆ ಚರ್ಮ ಸಿಕ್ಕಿತು. ಹುರುಳಿಕಾಳಿನಷ್ಟು ರಕ್ತ. ಅಲ್ಲಿಂದ ಮುಂದೆ ನನ್ನ ಕೈ ಗದ್ದದ ಹತ್ತಿರ ಹೋದರೆ ಸಾಕು, ಮಗಳು ಕಿರುಚಿ ಕಚ್ಚುತ್ತಿದ್ದಳು. ಹಾಕುವಷ್ಟರಲ್ಲಿ ಇಬ್ಬರಿಗೂ ಅಳು, ಬೆವರು. ಹಾಕಿದ ಐದು ನಿಮಿಷಕ್ಕೆ ಕಿತ್ತೆಸೆಯುತ್ತಿದ್ದಳು.

"ಅಕ್ಕನ್ನ ಒಂದ್ಸಲ ಕೇಳೋಣ," ಅಂದರು ಗಂಡ.

ಕೇಳಿದೆವು. ಗದ್ದದಕ್ಕ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಕ್ಲಿಪ್ಪನ್ನು ಕತ್ತರಿಸಿ ಬುಟ್ಟಿಗೆಸೆದರು. "ಇದನ್ನ ಮಾಡ್ದೋನಿಗೆ ಗದ್ದ ಇರ್ಲಿಲ್ಲ ಅನ್ಸುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಒಂದು ಅರ್ಧ ಗಂಟೆ ಹೊರಗೆ ಕೂತಿರು. ನೀನು ಹಲ್ಲು ಕಚ್ಚಿದ್ರೆ ಅವಳೂ ಕಚ್ತಾಳೆ."

ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಅಳು ಬಂದರೆ ನುಗ್ಗೋಣ ಅಂತ ಕಾಲನ್ನು ಸಿದ್ಧ ಇಟ್ಟುಕೊಂಡಿದ್ದೆ. ಅಳು ಬರಲಿಲ್ಲ. ನಗು ಬಂತು. ಮಗಳದ್ದು, ಹೊಟ್ಟೆ ಹಿಡಿದು ನಗುವ ನಗು. ಅರ್ಧ ಗಂಟೆಗೆ ಹೊರಬಂದಳು. ತಲೆಯಲ್ಲಿ ಹೆಲ್ಮೆಟ್, ಗದ್ದದ ಕೆಳಗೆ ಬೆರಳಗಲದ ಕಂದು ಪಟ್ಟಿ, ಒಳಮೈಗೆ ಕುರಿಚರ್ಮದ ಮೆತ್ತೆ, ಪುಟ್ಟ ಹಿತ್ತಾಳೆ ಬಕ್ಕಲ್. "ಅಮ್ಮಾ, ನಾನು ಕುದುರೆ ಮರಿ," ಅಂದಳು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಕೆಳಗೇ ಇನ್ನೊಂದು ಕೂತಿತ್ತು: ಒಳಗೆ ಏನು ಮಾಡಿದರು? ನನ್ನ ಕೈಗೆ ಕಚ್ಚುವ ಮಗು ಅವರ ಕೈಗೆ ಯಾಕೆ ನಕ್ಕಿತು? ಕೇಳಿದರೆ ಹೇಳುತ್ತಿದ್ದರೇನೋ. ನಾನು ಕೇಳಲಿಲ್ಲ.

ಬೆಳೆಯುವ ಗದ್ದಕ್ಕೆ ಪಟ್ಟಿ ಮಾಡಿದರೆ ಗದ್ದದಕ್ಕನದೊಂದು ನಿಯಮವಿದೆ. ಒಂದೇ ತೂತು ಹೊಡೆದು ಕೊಡುತ್ತಾರೆ. ತಿಂಗಳಿಗೊಮ್ಮೆ ಗದ್ದ ತಂದು ತೋರಿಸಬೇಕು. ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ, ಆಕಳಿಸಲು ಹೇಳಿ, ನೋಡಿ, ಬೇಕಿದ್ದರೆ ಮಾತ್ರ ಇನ್ನೊಂದು ತೂತು. ಇಲ್ಲದಿದ್ದರೆ "ಈ ತಿಂಗಳು ಬೇಡ, ಹೋಗು." ಮುಂದಿನ ತೂತನ್ನು ಮೊದಲೇ ಹೊಡೆದುಕೊಡಿ ಅಂತ ಸವಾರಿ ಶಾಲೆಯ ಮೇಷ್ಟ್ರು ಎಷ್ಟು ಗೋಗರೆದರೂ ಕೇಳಿದವರಲ್ಲ.

ಕಾರಣ ಗಂಡ ಹೇಳಿದರು. ಗದ್ದದಕ್ಕನಿಗೆ ಹತ್ತೊಂಬತ್ತಿದ್ದಾಗ, ಅಪ್ಪನ ಕೈಕೆಳಗೆ ದಾರಕ್ಕೆ ಮೇಣ ಹಚ್ಚುವ ಕೆಲಸದಿಂದ ಮೇಲೇರಿ, ಮೊದಲ ಬಾರಿಗೆ ಒಬ್ಬರೇ ಒಂದು ಮುಖಪಟ್ಟಿ ಮಾಡಿದ್ದರು. ನಾಲ್ಕು ತಿಂಗಳ ಕುದುರೆಮರಿಗೆ. ಬೆಳೆಯುತ್ತದಲ್ಲ ಅಂತ ಮುಂದಾಲೋಚನೆಯಿಂದ ನಾಲ್ಕು ತೂತು ಹೆಚ್ಚಿಗೇ ಹೊಡೆದುಕೊಟ್ಟರು. ಲಾಯದಲ್ಲಿ ಏಳು ಜನ. ತೂತು ಇದೆಯಲ್ಲ, ಯಾರಾದರೂ ಸಡಿಲಿಸಿರುತ್ತಾರೆ ಅಂತ ಏಳು ಜನವೂ ಅಂದುಕೊಂಡರು. ಮರಿ ಬೆಳೆಯಿತು, ಪಟ್ಟಿ ಬೆಳೆಯಲಿಲ್ಲ. ಎರಡೂವರೆ ತಿಂಗಳಿಗೆ ನೋಡಿದಾಗ ಪಟ್ಟಿ ದವಡೆಯ ಮಾಂಸದೊಳಗೆ ಇಳಿದಿತ್ತು. ಮರಿ ಬದುಕಿತು. ಆದರೆ ಸಾಯುವವರೆಗೂ ಅದರ ಗದ್ದದ ಕೆಳಗೆ ಕೂದಲಿಲ್ಲದ ಒಂದು ಗೆರೆ ಇತ್ತಂತೆ. "ಆ ಕುದುರೆ ಮುದಿಯಾಗೋವರೆಗೂ ಅಕ್ಕ ವಾರಕ್ಕೊಂದ್ಸಲ ಹೋಗಿ ಆ ಗೆರೆ ಸವರಿ ಬರ್ತಿದ್ಲು," ಅಂದರು ಗಂಡ. "ತೂತು ಇದ್ರೆ ಜನ ಮರೀತಾರೆ, ಇಲ್ದಿದ್ರೆ ಬರ್ತಾರೆ. ಅದು ಅವಳ ಲೆಕ್ಕ."

ಒಳ್ಳೆಯ ಲೆಕ್ಕವೇ. ಆದರೆ ತಿಂಗಳಿಗೊಮ್ಮೆ ನಾನು ಆ ಮೆಟ್ಟಿಲ ಮೇಲೆ ಕೂತು ಒಳಗಿನ ನಗು ಕೇಳಬೇಕಾಗಿತ್ತಲ್ಲ! ಮೊದಲ ತಿಂಗಳ ನಂತರ ಅವರು ನನಗೆ ಹೊರಗೆ ಕೂರಲು ಹೇಳಲಿಲ್ಲ ಅನ್ನುವುದನ್ನೂ ಬರೆಯಬೇಕು. ನಾನೇ ಕೂರುತ್ತಿದ್ದೆ. ಒಳಗೆ ಹೋಗಿ ನೋಡಿದರೆ ನನ್ನಿಂದ ಆಗದ್ದು ಅವರಿಂದ ಆಗುವುದನ್ನು ಕಣ್ಣಾರೆ ಕಂಡಂತಾಗುತ್ತಿತ್ತು.

ಮನೆಯಲ್ಲಿ ಪಟ್ಟಿ ಹಾಕುವ ಕೆಲಸ ಗಂಡನದ್ದಾಯಿತು. ಮಗಳು ಅಪ್ಪನಿಗೂ ಗದ್ದ ಒಡ್ಡುತ್ತಿದ್ದಳು, ನನಗೊಬ್ಬಳಿಗೆ ಇಲ್ಲ. ಅವರು ಆಫೀಸಿಗೆ ಹೋದ ಮೇಲೆ ಪಟ್ಟಿ ಬಿಚ್ಚಿಹೋದರೆ ನಮ್ಮ ರಂಪ ಮತ್ತೆ ಶುರು. "ನೀನು ಬೇಡ, ಅತ್ತೆ ಹಾಕ್ಲಿ." ಅವಳ ಬಾಯಲ್ಲಿ ದಿನಕ್ಕೆ ನೂರು ಸಲ ಅತ್ತೆ. ಚಿತ್ರ ಬರೆದರೆ ಅತ್ತೆ, ಅತ್ತೆಯ ಪಕ್ಕ ಕುದುರೆ, ಕುದುರೆಯ ಪಕ್ಕ ಅಪ್ಪ. "ನಾನೆಲ್ಲಿ?" ಅಂದರೆ, "ನೀನು ಮೆಟ್ಟಿಲ ಮೇಲೆ ಇದೀಯ, ಕಾಣಲ್ಲ." ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆ ಕಟ್ಟಿದವರಿಗೆ ಗದ್ದದಕ್ಕನಂಥ ಅತ್ತಿಗೆ ಇರಲಿಲ್ಲವೇನೋ.

ಹತ್ತು ತಿಂಗಳಲ್ಲಿ ಪಟ್ಟಿಗೆ ನಾಲ್ಕು ತೂತುಗಳಾದವು. ಹನ್ನೊಂದನೆಯ ತಿಂಗಳು ನಾನು ಹೋಗಲಿಲ್ಲ. ಮಗಳಿಗೆ ನೆಗಡಿ ಅಂದೆ. ಹನ್ನೆರಡನೆಯ ತಿಂಗಳು ಮನೆಗೆ ಪೈಂಟಿನವರು ಬರುತ್ತಾರೆ ಅಂದೆ. ಹದಿಮೂರನೆಯ ತಿಂಗಳು ಗಂಡ ಕೇಳಿದಾಗ "ಹೋಗಿ ಬಂದೆ, ಈ ತಿಂಗಳು ಬೇಡ ಅಂದ್ರು," ಅಂದುಬಿಟ್ಟೆ. ಒಂದು ಸುಳ್ಳಿಗೆ ನೆಗಡಿ, ಪೈಂಟಿನ ಆಸರೆಯೂ ಬೇಡವಾಗಿತ್ತು ಆಗ.

ಆದರೆ ಗದ್ದ ಸುಳ್ಳು ಹೇಳುವುದಿಲ್ಲ. ಪಟ್ಟಿ ತೆಗೆದಾಗ ಕೆಂಪು ಗೆರೆ ಕಾಣತೊಡಗಿತು. ಗೆರೆ! ಕುದುರೆಮರಿಯ ಗೆರೆ ನೆನಪಾಯಿತು. ಆಗಲಾದರೂ ಅಂಗಡಿಗೆ ಓಡಬೇಕಿತ್ತು. ನಾನು ಅಂದುಕೊಂಡದ್ದು ಬೇರೆ: ಒಂದು ತೂತು ತಾನೇ? ಡಿಗ್ರಿ ಮಾಡಿದ ಹೆತ್ತ ತಾಯಿ, ಒಂದು ತೂತು ಹೊಡೆಯಲಾರೆನೆ? ನಾನೇ ಹೊಡೆದು, ನಾನೇ ಸಡಿಲಿಸಿ, ನಾನೇ ಹಾಕಿದರೆ, ನೋವಾಗದ ಪಟ್ಟಿ ಹಾಕಿದ್ದು ಅಮ್ಮ ಅಂತ ಅವಳಿಗೆ ಗೊತ್ತಾಗುತ್ತದೆ.

ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ಅದರ ಮೊಳೆ ಕಿತ್ತೆ. ಚಪಾತಿ ಮಣೆಯ ಮೇಲೆ ಪಟ್ಟಿಯಿಟ್ಟು ಶುಂಠಿ ಜಜ್ಜುವ ಗುಂಡಿನಿಂದ ಹೊಡೆದೆ. ತೂತು ಬಿತ್ತು, ಆದರೆ ಬಕ್ಕಲ್ಲಿನ ಮುಳ್ಳು ಹೋಗಲಿಲ್ಲ. ಕತ್ತರಿಯ ತುದಿಯಿಂದ ಒಂದಿಷ್ಟು ಸೀಳಿ ಅಗಲ ಮಾಡಿದೆ. ಹೋಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪಟ್ಟಿ ಸಡಿಲಾಗಿತ್ತು, ನಿಜ. ಆದರೆ ಮಾರನೆಯ ಬೆಳಿಗ್ಗೆ ಮಗಳು ನನ್ನ ಕೈಯನ್ನು ಹಿಂದಿನ ಹಾಗೆಯೇ ತಳ್ಳಿ ಅಪ್ಪನ ಕಡೆ ಗದ್ದ ಎತ್ತಿದಳು. ಅವರು ಆಫೀಸಿಗೆ ಹೊರಟ ಗಡಿಬಿಡಿಯಲ್ಲಿ, ಕೊನೆಯ ತೂತು ಹೊಸದು ಅನ್ನುವುದನ್ನೂ ನೋಡದೆ, ಹಾಕಿ ನಡೆದರು.

ಇದಾಗಿ ನಾಲ್ಕನೆಯ ದಿನ. ಶಿಶುವಿಹಾರಕ್ಕೆ ಹೊರಟು ಮನೆಯ ಮುಂದಿನ ಕಲ್ಲುಮೆಟ್ಟಿಲ ಹತ್ತಿರ ನಿಂತಿದ್ದೆವು. ನೀರಿನ ಬಾಟಲಿ ಮರೆತಿದ್ದೆ. ಒಳಗೆ ಕೈ ಚಾಚಿ ತೆಗೆದುಕೊಳ್ಳುವಷ್ಟು ಹೊತ್ತು, ಅಷ್ಟೇ. ಸದ್ದು ಕೇಳಿ ತಿರುಗಿದರೆ ಮಗಳು ಮೂರನೆಯ ಮೆಟ್ಟಿಲಲ್ಲಿ ಮುಖ ಕೆಳಗಾಗಿ ಬಿದ್ದಿದ್ದಾಳೆ, ಹೆಲ್ಮೆಟ್ ಉರುಳಿಕೊಂಡು ಯಾರದೋ ಸ್ಕೂಟರಿನ ಕೆಳಗೆ ಹೋಗಿ ನಿಂತಿದೆ. "ಅಮ್ಮಾ," ಅಂತ ಕೂಗಿದಳು. ಆಮೇಲೆ ರಕ್ತ.

ಹಣೆಗೆ ಐದು ಹೊಲಿಗೆ. ಒಳಗೆ ಏನೂ ಆಗಿಲ್ಲ ಅಂತ ಡಾಕ್ಟರು ಮೂರು ಸಲ ಹೇಳಿದರು, ನಾನು ಆರು ಸಲ ಕೇಳಿದ್ದಕ್ಕೆ. ಗಂಡ ಆಫೀಸಿನ ಕಾರ್ಡು ಕೊರಳಲ್ಲೇ ನೇತಾಡಿಸಿಕೊಂಡು ಓಡಿಬಂದರು.

"ಹೆಲ್ಮೆಟ್ ಇರ್ಲಿಲ್ವಾ?"

"ಇತ್ತು. ಪಟ್ಟಿ ಕಿತ್ತುಹೋಯ್ತು."

"ಕಿತ್ತುಹೋಯ್ತಾ? ಅಕ್ಕ ಮಾಡಿದ ಪಟ್ಟಿ?"

ಅಲ್ಲೇ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಅಕ್ಷರ. "ಹೂಂ."

ಅವರು ಅಲ್ಲೇ ಫೋನ್ ಮಾಡಿದರು. ಎಂದೂ ಅಕ್ಕನ ಮೇಲೆ ದನಿ ಎತ್ತದವರು, "ಏನಕ್ಕಾ ಇದು? ನೀನು ಮಾಡಿದ್ದು ಅಂತ ನಂಬಿದ್ವಲ್ಲ!" ಅಂದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಮೊದಲು, "ಮರಿ ಹೇಗಿದೆ?" ಆಮೇಲೆ, "ಎಲ್ಲಿ ಕಿತ್ತಿದೆ? ಹೊಲಿಗೇಲಾ, ಚರ್ಮದಲ್ಲಾ? ಪಟ್ಟಿ ತಂದುಕೊಡು."

ಗಂಡ ನನ್ನತ್ತ ನೋಡಿದರು. "ಚರ್ಮದಲ್ಲಿ," ಅಂದೆ. "ತುಂಡು ಎಲ್ಲೋ ಬಿದ್ದುಹೋಯ್ತು." ಹೆಲ್ಮೆಟ್ಟಿನಿಂದ ನಾನೇ ಬಿಡಿಸಿಕೊಂಡಿದ್ದ ತುಂಡು ನನ್ನ ಕೈಚೀಲದಲ್ಲಿ, ಕರ್ಚೀಫಿನಲ್ಲಿ ಸುತ್ತಿಕೊಂಡು ಕೂತಿತ್ತು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಐದು ಹೊಲಿಗೆ ಹಾಕಿಸಿಕೊಂಡ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಹೊತ್ತಲ್ಲೂ, ಗಂಡ ಅಕ್ಕನಿಗೆ ಗದರಿದ್ದು ಕೇಳಿ ನನ್ನೊಳಗೆ ಒಂದು ತಣ್ಣನೆಯ ಸುಖ ಹರಿಯಿತು. ಮದುವೆಯಾದ ಎಂಟು ವರ್ಷಕ್ಕೆ ಮೊದಲ ಸಲ.

ಆ ಸುಖ ಮೂರು ದಿನವೂ ಬಾಳಲಿಲ್ಲ. ಹೊಲಿಗೆಯ ಹಣೆಗೆ ಹೆಲ್ಮೆಟ್ ಇನ್ನೂ ಅಗತ್ಯ. ಗಂಡ ಅದಕ್ಕೆ ಬಟ್ಟೆಯ ಪಟ್ಟಿ ಕಟ್ಟಿದರು. ಮಗಳು ಅದನ್ನು ಮುಟ್ಟಗೊಡಲಿಲ್ಲ, ಈಗ ಅಪ್ಪನಿಗೂ ಇಲ್ಲ. "ಅದು ಬಿಟ್ಟುಹೋಗತ್ತೆ," ಅಂದಳು. ಬರಿಯ ತಲೆಯಲ್ಲಿ ಓಡಾಡುವ ಮಗಳ ಹಿಂದೆ ದಿಂಬು ಹಿಡಿದುಕೊಂಡು ಮನೆಯೆಲ್ಲ ಸುತ್ತಿದೆ. ಅವಳು ನಿಂತರೆ ನನಗೆ ಉಸಿರು ನಿಲ್ಲುತ್ತಿತ್ತು.

ಮೂರನೆಯ ದಿನ ಗಂಡ ಬಂದವರೇ ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. "ಸವಾರಿ ಶಾಲೆ ಮೇಷ್ಟ್ರು ಸಿಕ್ಕಿದ್ರು. ಅಕ್ಕ ಲಾಯಕ್ಕೆ ಹೋಗಿ ನಮ್ಮ ಪಟ್ಟಿಗೆ ಹಾಕಿದ ಚರ್ಮದಲ್ಲೇ ಮಾಡಿದ ಪಟ್ಟೀನೆಲ್ಲ ಕುದುರೆಗಳಿಂದ ಬಿಚ್ಚಿಸಿ ತಗೊಂಡು ಹೋದ್ಲಂತೆ. ಮಕ್ಕಳ ಟೋಪೀದೂ ಸೇರಿ ಮೂವತ್ತು. ಕುದುರೆಗಳನ್ನ ಹಗ್ಗದಲ್ಲಿ ಕಟ್ಟಿದಾರೆ, ಮಕ್ಕಳ ಪಾಠ ನಿಂತಿದೆ. ಚರ್ಮ ಕೊಳೆತಿದೆ, ನನ್ನ ಕೈಗೆ ಗೊತ್ತಾಗಲಿಲ್ಲ ಅಂತಾಳಂತೆ. ಎಲ್ಲಾ ಕತ್ತರಿಸಿ ಹಾಕ್ತಾಳಂತೆ. ಇನ್ಮೇಲೆ ಬೆಳೆಯೋ ಮಕ್ಕಳಿಗೆ ಪಟ್ಟಿ ಮಾಡಲ್ಲ ಅಂದ್ಲಂತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿಸಿದ್ದು ನಾನು. ಅದಕ್ಕಿಂತ ಹೆಚ್ಚಾಗಿ, ಬೆಳೆಯುವ ಮಕ್ಕಳಿಗೆ ಪಟ್ಟಿ ಮಾಡುವುದಿಲ್ಲ ಅಂದರೆ ನನ್ನ ಮಗಳ ತಲೆ? ಹೊಟ್ಟೆಕಿಚ್ಚಿಗೂ ಮಗಳ ತಲೆಗೂ ತಕ್ಕಡಿ ಕಟ್ಟಿದರೆ ಯಾವುದು ತೂಗಬೇಕು ಅಂತ ಕೇಳಬೇಕೆ? ಆದರೂ ಕೈಚೀಲ ತೆಗೆದುಕೊಳ್ಳಲು ನನಗೆ ಮಾರನೆಯ ಬೆಳಗಾಗಬೇಕಾಯಿತು.

ಮಗಳನ್ನು ಎತ್ತಿಕೊಂಡೇ ಹೋದೆ. ಆ ಎರಡು ಮೆಟ್ಟಿಲಲ್ಲಿ ಕೂರದೆ ಇಳಿದೆ. ಗದ್ದದಕ್ಕನ ತಲೆಯ ಮೇಲೆ ಅವತ್ತು ಯಾವ ಟೋಪಿಯೂ ಇರಲಿಲ್ಲ. ನೆಲದಲ್ಲಿ ಪಟ್ಟಿಗಳ ರಾಶಿ. ಒಂದೊಂದನ್ನೇ ಎತ್ತಿ, ಹೊಲಿಗೆ ಬಿಚ್ಚಿ ಬಕ್ಕಲ್ ಡಬ್ಬಿಗೆ ಹಾಕಿ, ಚರ್ಮವನ್ನು ಎರಡು ತುಂಡು ಮಾಡುತ್ತಿದ್ದರು. ಮಗಳನ್ನು ಕಂಡು ಕೈ ಚಾಚಿದವರು ಹಣೆಯ ಬ್ಯಾಂಡೇಜು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಮಗಳೇ ಜಾರಿ ಇಳಿದು ಬಕ್ಕಲ್ ಡಬ್ಬಿಯ ಮುಂದೆ ಕೂತಳು.

"ಬಾ," ಅಂದರು ನನಗೆ. "ನನ್ನ ಕಣ್ಣಿಗೆ ವಯಸ್ಸಾಯ್ತು ಕಣಮ್ಮ. ಈ ಚರ್ಮದಲ್ಲಿ ಏನು ಕೊಳೆತಿದೆಯೋ ನಂಗೆ ಇವತ್ತಿಗೂ ಕಾಣ್ತಾ ಇಲ್ಲ. ಎಳೆದು ನೋಡಿದೆ, ನೀರಲ್ಲಿ ನೆನೆಸಿ ನೋಡಿದೆ. ಗಟ್ಟಿಯಾಗೇ ಇದೆ. ಆದ್ರೆ ಮಗು ತಲೆ ಒಡೀತಲ್ಲ."

ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನ್ನೆಲ್ಲ ಬಿಟ್ಟು, ಕರ್ಚೀಫು ಬಿಚ್ಚಿ ತುಂಡನ್ನು ಅವರ ಮುಂದಿನ ಹಲಗೆಯ ಮೇಲಿಟ್ಟೆ.

ಕನ್ನಡಕ ಹಣೆಯಿಂದ ಕೆಳಗಿಳಿಯಿತು. ಅವರ ಹೆಬ್ಬೆರಳು ಪಟ್ಟಿಯ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ತೂತುಗಳನ್ನು ಸವರುತ್ತಾ ಹೋಗಿ, ಐದನೆಯದರ ಸೀಳಿನಲ್ಲಿ ನಿಂತಿತು. ಅವರ ತೂತುಗಳು ಸಿಡುಬಿನ ಕಲೆಯಂತೆ ದುಂಡಗೆ, ಒಂದು ಚೂರು ಚರ್ಮ ತೆಗೆದು ಹೊಡೆದವು. ನನ್ನದು ಬರಿಯ ಸೀಳು, ಅಲ್ಲಿಂದಲೇ ತುದಿಯವರೆಗೆ ಹರಿದಿತ್ತು. ಅವರು ಕೇಳಿದ್ದು ಒಂದೇ:

"ಯಾವ ಮೊಳೆ?"

"ಕ್ಯಾಲೆಂಡರ್ ಮೊಳೆ, ಅಕ್ಕ."

"ಕ್ಯಾಲೆಂಡರ್ ಮೊಳೆ." ಆ ಮಾತನ್ನು ಬಾಯಲ್ಲಿ ಹೊರಳಿಸಿ ರುಚಿ ನೋಡಿದಂತೆ ಅಂದರು. "ತಾರೀಕು ನೇತುಹಾಕೋ ಮೊಳೇಲಿ ನನ್ನ ಮರಿ ತಲೆ ನೇತುಹಾಕಿದ್ಯಾ?"

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ರಾಶಿಯ ಕಡೆ ತೋರಿಸಿ, "ಹನ್ನೊಂದು ಕತ್ತರಿಸಿ ಆಯ್ತು. ಒಳ್ಳೇ ಚರ್ಮ. ಹನ್ನೊಂದು," ಅಂದರು. "ಮೂರು ತಿಂಗಳು ಯಾಕೆ ಬರ್ಲಿಲ್ಲ?"

"ಅವಳು ನಿಮ್ಮ ಹತ್ರ ನಗ್ತಾಳೆ. ನನ್ನ ಕಚ್ತಾಳೆ. ನಂಗೆ ನೋಡೋಕಾಗ್ಲಿಲ್ಲ."

"ಹೊಟ್ಟೆಕಿಚ್ಚು."

"ಹೂಂ."

"ಅಷ್ಟು ಓದಿದೀಯ, ಇದನ್ನ ಮೊದಲನೇ ದಿನಾನೇ ಬಾಯಿಬಿಟ್ಟು ಹೇಳೋಕೆ ಬರ್ಲಿಲ್ವಾ?" ಕತ್ತರಿಯನ್ನು ಠಣ್ಣೆಂದು ಕೆಳಗಿಟ್ಟರು. "ನಂಗಿಲ್ವಾ ಅಂದ್ಕೊಂಡ್ಯಾ? ನೀನು ಕರ್ಕೊಂಡು ಬರದೆ ಇದ್ದ ಮೂರು ತಿಂಗಳು ನಿನ್ನನ್ನ ಬೈಕೊಂಡು ಬೈಕೊಂಡು ಆರು ಕುದುರೆಗೆ ಪಟ್ಟಿ ಹೊಲಿದೆ. ಆರೂ ಒಂದು ಬೆರಳು ಚಿಕ್ಕವು. ಮೇಷ್ಟ್ರು ವಾಪಸ್ ಕಳಿಸಿದ್ರು. ಬಿದ್ದಾಗ ಯಾರನ್ನ ಕೂಗಿದ್ಲು?"

"ಅಮ್ಮಾ ಅಂದ್ಲು."

"ನೋಡು ಮತ್ತೆ! ಅದು ನಿಂಗೆ ಪುಕ್ಕಟೆ ಸಿಕ್ಕಿದೆ. ನಾನು ಒಂದು ನಗೂಗೆ ಅರ್ಧ ಗಂಟೆ ಕುದುರೆ ಆಗ್ಬೇಕು." ಫೋನನ್ನು ನನ್ನತ್ತ ತಳ್ಳಿದರು. "ಮೊದಲು ನಿನ್ನ ಗಂಡ. ಆಮೇಲೆ ಮೇಷ್ಟ್ರು. ನಾನು ಹೇಳಲ್ಲ. ತೂತು ಹೊಡೆದೋರೇ ಹೇಳ್ಬೇಕು."

ಮೇಷ್ಟ್ರಿಗೆ ಹೇಳುವುದು ಸುಲಭವಾಯಿತು. "ಹಾಗಾದ್ರೆ ಉಳಿದ ಪಟ್ಟಿ ಸಂಜೆಗೆ ಕಳಿಸ್ತಾರಾ?" ಅಂದರು, ಅಷ್ಟೇ. ಗಂಡ ಎಲ್ಲ ಕೇಳಿ, "ಸಂಜೆ ಮಾತಾಡೋಣ. ಅಕ್ಕನಿಗೆ ಫೋನ್ ಕೊಡು," ಅಂದರು. ಅವರು ಅಕ್ಕನಿಗೆ ಏನಂದರೋ ಕೇಳಿಸಲಿಲ್ಲ. ಅಕ್ಕ ಅಂದದ್ದು ಕೇಳಿಸಿತು: "ನೀನು ದಿನಾ ಹಾಕ್ತಿದ್ದೆಯಲ್ಲೋ ಕುರುಡ, ನಾಲ್ಕು ದಿನದಲ್ಲಿ ಒಂದ್ಸಲಾನೂ ಕಣ್ಣಿಗೆ ಬೀಳಲಿಲ್ವಾ?" ಸಂಜೆಯ ಮಾತು ಚೆನ್ನಾಗಿರಲಿಲ್ಲ, ನಾಲ್ಕಾರು ದಿನ ನಡೆಯಿತು. ಅದನ್ನಿಲ್ಲಿ ಬರೆಯುವುದಿಲ್ಲ.

ಫೋನು ಇಟ್ಟ ಮೇಲೆ ಗದ್ದದಕ್ಕ ಹೊಸ ಪಟ್ಟಿ ಕತ್ತರಿಸಿದರು. ಅದೇ ಚರ್ಮದಿಂದ, ಬೇಕೆಂದೇ. ಕುರಿಚರ್ಮದ ಮೆತ್ತೆ ಸೇರಿಸಿ ಹೊಲಿದು, ಹೆಲ್ಮೆಟ್ಟಿಗೆ ಜೋಡಿಸಿದರು. "ಇವತ್ತು ಒಳಗೇ ಇರು," ಅಂದರು.

ಹತ್ತು ತಿಂಗಳು ನಾನು ಮೆಟ್ಟಿಲ ಮೇಲೆ ಕೂತು ಊಹಿಸಿದ್ದ ಮಾಯಮಂತ್ರ ಇದು: ಮರಿಗಳಿಗೆ ಹಾಕುವ ಚಿಕ್ಕ ಮುಖಪಟ್ಟಿಯನ್ನು ತಾವೇ ತಲೆಗೆ ಹಾಕಿಕೊಂಡರು. ಕಿವಿಯ ಮೇಲೊಂದು ಪಟ್ಟಿ, ಮೂಗಿನ ಮೇಲೊಂದು. ಐವತ್ತೊಂದು ವರ್ಷದ ಹೆಂಗಸು ತಗ್ಗಿನ ಕನ್ನಡಿಯ ಮುಂದೆ ಮಂಡಿಯೂರಿ ಗದ್ದ ಎತ್ತಿ ಕಾದರು. ಮಗಳು ಅವರ ಗದ್ದದ ಕೆಳಗೆ ಪಟ್ಟಿ ಎಳೆದು, ನಾಲಗೆ ಕಚ್ಚಿಕೊಂಡು, ಬಕ್ಕಲ್ ಹಾಕಿದಳು. ಎರಡು ಪುಟ್ಟ ಬೆರಳು ತೂರಿಸಿದಳು. "ಆಕಳಿಸು," ಅಂದಳು. ಅವರು ಕುದುರೆಯ ಹಾಗೆ ತುಟಿ ಅಲುಗಾಡಿಸಿ ಆಕಳಿಸಿದರು. ಅದೇ ನಗು! "ಈಗ ನಿಂದು," ಅಂದರು. ಮಗಳು ಗದ್ದ ಎತ್ತಿದಳು. ಮುಗಿಯಿತು.

ಇಷ್ಟೇ. ಕಟ್ಟಿಸಿಕೊಳ್ಳುವವಳಿಗೆ ಮೊದಲು ಕಟ್ಟಲು ಬಿಡುವುದು. ಇದನ್ನು ತಿಳಿಯಲು ನನಗೆ ಐದು ಹೊಲಿಗೆ ಬೇಕಾದವು, ಅವೂ ನನ್ನ ಹಣೆಗಲ್ಲ.

ಹೊರಡುವಾಗ ಆ ಚಿಕ್ಕ ಮುಖಪಟ್ಟಿಯನ್ನು ನನ್ನ ಕೈಗೆ ತುರುಕಿದರು. "ತಗೊಂಡು ಹೋಗು. ನಿನ್ನ ಗದ್ದಕ್ಕೆ ಇನ್ನೂ ಒಂದು ತೂತು ಒಳಗೆ ಬೇಕು. ಚಿಕ್ಕದು ಅಂತ ಅವತ್ತೇ ಹೇಳಿದ್ನಲ್ಲ." ತೂತು ಹೊಡೆಯುವ ದುಂಡು ಬಾಯಿಯ ಉಳಿಯನ್ನೂ ಸುತ್ತಿಗೆಯನ್ನೂ ಮುಂದಿಟ್ಟರು. "ಹೊಡಿ. ಉಳಿ ನೆಟ್ಟಗೆ, ಒಂದೇ ಏಟು." ಒಂದೇ ಏಟಿಗೆ ಆಗಲಿಲ್ಲ, ಮೂರು ಬೇಕಾಯಿತು. ಆದರೆ ದುಂಡಗಿತ್ತು.

ಮಾರನೆಯ ಬೆಳಿಗ್ಗೆ ಗಂಡ ನನ್ನೊಂದಿಗೆ ಮಾತಿಲ್ಲದೆ ಹೋದ ಮೇಲೆ, ಅಡುಗೆಮನೆಯ ನೆಲದಲ್ಲಿ ಮಂಡಿಯೂರಿ ಮುಖಪಟ್ಟಿ ಹಾಕಿಕೊಂಡೆ. ಮೂಗಿಗೆ ಮೇಣದ ವಾಸನೆ. ಕಿಟಕಿಯಿಂದ ಎದುರು ಮನೆಯವರು ನೋಡಿದರೋ ಏನೋ. ಮಗಳು ಸುತ್ತ ಒಂದು ಸುತ್ತು ಬಂದಳು. ಪಟ್ಟಿ ಹಿಡಿದು ಎಳೆದಳು. ಎಳೆದಳು ಅಂದರೆ ಸೇಡು ತೀರಿಸಿಕೊಳ್ಳುವವಳಂತೆ, ಒಂದು ತೂತು ಹೆಚ್ಚಿಗೇ. ಗಂಟಲು ಒತ್ತಿತು. ಗದ್ದ ಕೆಳಗಿಳಿಸಲಿಲ್ಲ. ಬೆರಳು ತೂರಿಸಲು ನೋಡಿದಳು, ಹೋಗಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿದಳು. ಬಿಚ್ಚಿ, ಒಂದು ತೂತು ಸಡಿಲಿಸಿ, ಮತ್ತೆ ಬೆರಳು. ಎರಡೂ ಹೋದವು.

"ಆಕಳಿಸು."

ಆಕಳಿಸಿದೆ. ನಗಲಿಲ್ಲ ಅವಳು. ಆದರೆ ಹೆಲ್ಮೆಟ್ ತಂದು ನನ್ನ ಕೈಗೆ ಕೊಟ್ಟು, ಹೊಲಿಗೆಯ ಹಣೆಯನ್ನು ಮೇಲೆ ಮಾಡಿ, ಗದ್ದ ಎತ್ತಿ ನಿಂತಳು. ಬಕ್ಕಲ್ಲಿನ ಮುಳ್ಳು ತೂತಿಗೆ ಸೇರಿತು. ಅವಳು ಕಚ್ಚಲಿಲ್ಲ.

"ಅಮ್ಮಾ," ಅಂದಳು, ನನ್ನನ್ನೇ ಪರೀಕ್ಷಿಸುತ್ತಾ.

"ಏನು ಕಂದ?"

"ಅತ್ತೆ ಗದ್ದ ನಿನ್ನ ಗದ್ದಕ್ಕಿಂತ ಚೆನ್ನಾಗಿದೆ."

ಚುರ್ ಅಂದಿತು, ಸುಳ್ಳೇಕೆ ಹೇಳಲಿ. ಹಲ್ಲು ಕಚ್ಚಿಕೊಳ್ಳಲು ಹೋದೆ, ಅವಳೇ ಕಟ್ಟಿದ ಪಟ್ಟಿ ಗದ್ದಕ್ಕೆ ತಾಗಿತು, ಬಿಟ್ಟುಬಿಟ್ಟೆ.